ಗಣಂಗೂರು ಟೋಲ್ ಮತ್ತು ನಮ್ಮ ಲೆಕ್ಕ ತಪ್ಪುವ ಜಾಗ

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ಏಪ್ರಿಲ್‌ನಲ್ಲಿ ಟೋಲ್ ದರ ಏರಿತು ಎಂಬ ಸುದ್ದಿ ಬರುತ್ತದೆ. ಟೀ ಅಂಗಡಿ ಮುಂದೆ ನಿಂತು ಎರಡು ದಿನ ಬೈದು ಮೂರನೇ ದಿನ ಮರೆಯುತ್ತೇವೆ. ಏರುವುದು ಐದೋ ಹತ್ತೋ ರೂಪಾಯಿ. ಆದರೆ ಮಂಡ್ಯ, ಮೈಸೂರು ಕಡೆಯ ಬಹಳ ಮಂದಿಯ ದುಡ್ಡು ಸೋರುತ್ತಿರುವುದು ಆ ಐದು ಹತ್ತರಲ್ಲಿ ಅಲ್ಲ. ಒಂದೇ ಗೇಟು ದಾಟುವುದಕ್ಕೆ ನಿಯಮದಲ್ಲಿ ನಾಲ್ಕೈದು ಬಗೆಯ ದರ ಇದೆ. ತಮ್ಮ ಓಡಾಟಕ್ಕೆ ಯಾವುದು ಹೊಂದುತ್ತದೆ ಎಂದು ನೋಡದೆ ಎಲ್ಲರೂ ಒಂದೇ ದರ ಕಟ್ಟುತ್ತಿದ್ದಾರೆ. ಒಂದು ವರ್ಷದಲ್ಲಿ ಯಾವ ಗೇಟನ್ನು ಎಷ್ಟು ಸಲ ದಾಟುತ್ತೇವೆ ಎಂಬ ಒಂದು ಸಂಖ್ಯೆ ಕೈಯಲ್ಲಿದ್ದರೆ ಮಿಕ್ಕಿದ್ದು ಕೂಡುವ ಕಳೆಯುವ ಲೆಕ್ಕ. ಅದನ್ನು ತಮ್ಮ ಪತ್ರಿಕೆಯ ಓದುಗರ ಮುಂದೆ ಇಡುವುದಕ್ಕೆ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮೆ ಇರಲಿ.

ಮೊದಲು ದರ ಎಲ್ಲಿಂದ ಬರುತ್ತದೆ ನೋಡೋಣ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಟೋಲ್ ಎರಡು ಕಡೆ. ಬೆಂಗಳೂರಿನಿಂದ ನಿಡಘಟ್ಟದವರೆಗಿನ 56 ಕಿ.ಮೀ.ಗೆ ಬಿಡದಿ ಹತ್ತಿರ ಕಟ್ಟಬೇಕು: ಬೆಂಗಳೂರು ಬಿಟ್ಟು ಬರುವವರು ಕಣಿಮಿಣಿಕೆಯಲ್ಲಿ, ಬೆಂಗಳೂರಿಗೆ ಹೋಗುವವರು ಶೇಷಗಿರಿಹಳ್ಳಿಯಲ್ಲಿ. ನಿಡಘಟ್ಟದಿಂದ ಮೈಸೂರಿನವರೆಗಿನ 61 ಕಿ.ಮೀ.ಗೆ ಮಂಡ್ಯ ಮತ್ತು ಶ್ರೀರಂಗಪಟ್ಟಣದ ನಡುವಿನ ಗಣಂಗೂರಿನಲ್ಲಿ. ಮೊದಲನೆಯದು 2023ರ ಮಾರ್ಚ್ 14ರಂದು, ಎರಡನೆಯದು ಅದೇ ವರ್ಷದ ಜುಲೈ 1ರಂದು ಶುರುವಾಯಿತು. ಆ ಜುಲೈ ಹೊತ್ತಿಗೆ ಕಾರಿಗೆ ಬಿಡದಿಯಲ್ಲಿ 165, ಗಣಂಗೂರಿನಲ್ಲಿ 155 ರೂಪಾಯಿ. ಒಟ್ಟು 320. ಆಮೇಲೆ ದರ ಮೇಲೆ ಹೋಗಿದೆ, ಆದರೂ ಈ ಪತ್ರದ ಉದ್ದಕ್ಕೂ ಅದೇ ಅಂಕಿ ಇಟ್ಟುಕೊಂಡಿದ್ದೇನೆ. ಇಂದಿನ ದರ ಹಾಕಿ ನೋಡಿದರೂ ಅನುಪಾತ ಹೆಚ್ಚು ಬದಲಾಗುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಗಳಲ್ಲಿ ಕಾರಿನ ಮೂಲ ದರ ಕಿಲೋಮೀಟರಿಗೆ 65 ಪೈಸೆ. ಅದು 2007-08ರ ಲೆಕ್ಕ. ಅದರ ಮೇಲೆ ಪ್ರತಿ ಏಪ್ರಿಲ್ 1ಕ್ಕೆ ಶೇ 3, ಜೊತೆಗೆ ಸಗಟು ಬೆಲೆ ಸೂಚ್ಯಂಕ ಏರಿದ್ದರಲ್ಲಿ ಶೇ 40ರಷ್ಟು ಸೇರುತ್ತದೆ. ಬಂದ ಮೊತ್ತವನ್ನು ಹತ್ತಿರದ ಐದು ರೂಪಾಯಿಗೆ ಸರಿಹೊಂದಿಸುತ್ತಾರೆ. ಹೀಗೆ ಏರುತ್ತಾ 2023-24ರ ಹೊತ್ತಿಗೆ 65 ಪೈಸೆ ಸುಮಾರು 1 ರೂಪಾಯಿ 43 ಪೈಸೆ ಆಗಿತ್ತು. ಆ ಪ್ರಕಾರ 56 ಕಿ.ಮೀ.ಗೆ 80 ರೂಪಾಯಿ ಆಗಬೇಕು. 165 ಹೇಗಾಯಿತು?

ಉತ್ತರ ಬೈಪಾಸ್ ಮತ್ತು ಸೇತುವೆಗಳಲ್ಲಿದೆ. ಹತ್ತು ಕೋಟಿಗಿಂತ ಹೆಚ್ಚು ಖರ್ಚಾದ ಬೈಪಾಸಿಗೆ ದರ ಒಂದೂವರೆ ಪಟ್ಟು. ಸೇತುವೆ, ಮೇಲ್ಸೇತುವೆಯ ಉದ್ದವನ್ನು ಹತ್ತರಿಂದ ಗುಣಿಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಂದು ಕಿಲೋಮೀಟರ್ ಮೇಲ್ಸೇತುವೆ ಎಂದರೆ ಟೋಲಿನ ಪುಸ್ತಕದಲ್ಲಿ ಹತ್ತು ಕಿಲೋಮೀಟರ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಇರುವ ದಾರಿ ನಮ್ಮದು. ಊರೊಳಗೆ ಹೋಗದೆ ತಪ್ಪಿಸಿಕೊಂಡ ಪ್ರತಿ ಸಿಗ್ನಲ್ಲಿನ ಬೆಲೆ ಅದರಲ್ಲಿ ಸೇರಿದೆ. 2025ರ ಜುಲೈನಲ್ಲಿ ಸೇತುವೆಯ ಲೆಕ್ಕ ಸಡಿಲವಾಯಿತು: ಸೇತುವೆಯ ಹತ್ತು ಪಟ್ಟಿಗೆ ಉಳಿದ ರಸ್ತೆಯ ಉದ್ದ ಕೂಡಿಸಿದ್ದು ಒಂದು, ಇಡೀ ಭಾಗದ ಐದು ಪಟ್ಟು ಇನ್ನೊಂದು, ಎರಡರಲ್ಲಿ ಕಡಿಮೆಯದ್ದು. ಆಗ ವಾಟ್ಸಾಪಿನಲ್ಲಿ 'ಟೋಲ್ ಅರ್ಧಕ್ಕರ್ಧ' ಎಂದು ಸಂಭ್ರಮಿಸಿದವರು ಒಂದು ಗುಣಾಕಾರ ಮಾಡಿ ನೋಡಬೇಕಿತ್ತು. ರಸ್ತೆಯ ಶೇ 44ಕ್ಕಿಂತ ಹೆಚ್ಚು ಭಾಗ ಸೇತುವೆಯೇ ಆಗಿದ್ದರೆ ಮಾತ್ರ ಎರಡನೇ ಲೆಕ್ಕ ಕಡಿಮೆ ಬರುತ್ತದೆ. ನಮ್ಮ ಹೆದ್ದಾರಿ ಆ ಗುಂಪಿನದಲ್ಲ.

ಇನ್ನು ಉಳಿತಾಯದ ವಿಷಯ. ಎಲ್ಲರಿಗೂ ಅರ್ಧಂಬರ್ಧ ಗೊತ್ತಿರುವುದು 24 ಗಂಟೆಯ ರಿಯಾಯಿತಿ. ಹೋಗಿ ಬರುವ ಎರಡಕ್ಕೂ ಸೇರಿ ಒಂದೂವರೆ ಪಟ್ಟು ಕಟ್ಟಿದರೆ ಸಾಕು. 165ರ ಗೇಟಿಗೆ 250, 155ರ ಗೇಟಿಗೆ 235. ಇದಕ್ಕೆ ಯಾರನ್ನೂ ಕೇಳಬೇಕಿಲ್ಲ. ಹೋಗುವಾಗ ಪೂರ್ತಿ ಕಡಿತವಾಗುತ್ತದೆ, 24 ಗಂಟೆಯೊಳಗೆ ಮರಳಿದರೆ ಅರ್ಧದಷ್ಟು ಮಾತ್ರ. ಫಾಸ್ಟ್ಯಾಗ್ ಇದ್ದರಷ್ಟೇ ಈ ರಿಯಾಯಿತಿ.

ಎಡವುವುದು ಗಡಿಯಾರದಲ್ಲಿ. 24 ಗಂಟೆ ಎಣಿಕೆಯಾಗುವುದು ಮನೆ ಬಿಟ್ಟಾಗಿನಿಂದಲ್ಲ, ಪ್ರತಿ ಗೇಟಿಗೂ ಅದರದೇ ಗಡಿಯಾರ. ಮೈಸೂರಿನವರು ಬೆಂಗಳೂರಿನ ಮದುವೆಗೆ ಶನಿವಾರ ಸಂಜೆ ಹೊರಟರು ಅನ್ನಿ. ಗಣಂಗೂರು ದಾಟಿದ್ದು 4.30ಕ್ಕೆ, ಶೇಷಗಿರಿಹಳ್ಳಿ 5.30ಕ್ಕೆ. ಆರತಕ್ಷತೆ, ಬೆಳಿಗ್ಗೆ ಮುಹೂರ್ತ, ಊಟ, ಎಲೆ ಅಡಿಕೆ ಎಲ್ಲ ಮುಗಿಸಿ ಭಾನುವಾರ 4 ಗಂಟೆಗೆ ಕಣಿಮಿಣಿಕೆ ದಾಟಿದರು. ಬಿಡದಿಯ ರಿಯಾಯಿತಿ ಸಿಕ್ಕಿತು. ಗಣಂಗೂರು ಮುಟ್ಟುವಷ್ಟರಲ್ಲಿ 5 ಗಂಟೆ, ಅಲ್ಲಿ ಪೂರ್ತಿ ಟೋಲ್. ಹೋಗುವಾಗ ಮೊದಲು ಸಿಕ್ಕ ಗೇಟು ಬರುವಾಗ ಕೊನೆಗೆ ಸಿಗುತ್ತದಲ್ಲ, ಹಾಗಾಗಿ ಮೈಸೂರಿನವರಿಗೆ ಮೊದಲು ಕೈತಪ್ಪುವುದು ಯಾವಾಗಲೂ ಗಣಂಗೂರಿನ ರಿಯಾಯಿತಿ. ಅರ್ಧ ಗಂಟೆಯ ಹರಟೆಗೆ 75 ರೂಪಾಯಿ. ಹರಟೆ ಚೆನ್ನಾಗಿದ್ದರೆ ನಷ್ಟವೇನಲ್ಲ, ಅದು ಬೇರೆ ಮಾತು.

ಸ್ವಂತ ಕಾರಿನವರಿಗೆ ಈ ಗಡಿಯಾರದ ಗೊಡವೆಯನ್ನೇ ತಪ್ಪಿಸಿದ್ದು ವಾರ್ಷಿಕ ಪಾಸ್. 2025ರ ಆಗಸ್ಟ್ 15ರಂದು ಬಂತು, ಆರಂಭದ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ ದಾಟುವುದು, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. ಸಲಕ್ಕೆ 15 ರೂಪಾಯಿ ಬಿತ್ತು. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬಂದರೆ ನಾಲ್ಕು ದಾಟು, ಅಂದರೆ 60 ರೂಪಾಯಿ. ಪಾಸ್ ಇಲ್ಲದೆ ಅದೇ ದಿನ ಮರಳಿದರೆ 485, ಎರಡು ದಿನ ಉಳಿದು ಬಂದರೆ 640. ಲೆಕ್ಕ ಹಾಕಿದರೆ, ವರ್ಷಕ್ಕೆ ಐದು ಸಲ ಬೆಂಗಳೂರಿಗೆ ಹೋಗಿ ಒಂದೆರಡು ರಾತ್ರಿ ಉಳಿದು ಬರುವವರಿಗೂ, ಏಳು ಸಲ ಹೋಗಿ ಅವತ್ತೇ ಬರುವವರಿಗೂ ಪಾಸಿನ ದುಡ್ಡು ಹುಟ್ಟಿತು. ಅದಕ್ಕಿಂತ ಕಡಿಮೆ ಓಡಾಡುವವರು ಪಕ್ಕದ ಮನೆಯವರು ಮಾಡಿಸಿದರು ಎಂದು ಮಾಡಿಸಬೇಕಾಗಿಲ್ಲ. ಮಂಡ್ಯದಿಂದ ಮೈಸೂರಿಗೆ ಮಾತ್ರ ಹೋಗಿ ಬರುವವರಿಗೆ ಗಣಂಗೂರು ಒಂದೇ ಗೇಟು. ವರ್ಷಕ್ಕೆ 13 ದಿನ ಹೋಗಿ ಬಂದರೆ ಸಾಕು.

ಮಾಡಿಸುವ ಕ್ರಮ ಸುಲಭ. ರಾಜ್‌ಮಾರ್ಗಯಾತ್ರಾ ಆ್ಯಪಿನಲ್ಲೋ ಹೆದ್ದಾರಿ ಪ್ರಾಧಿಕಾರದ ಜಾಲತಾಣದಲ್ಲೋ ಗಾಡಿ ನಂಬರ್ ಹಾಕಬೇಕು, ಟ್ಯಾಗ್ ಚಾಲ್ತಿಯಲ್ಲಿದೆ ಎಂದು ತೋರಿಸಿದ ಮೇಲೆ ಒಟಿಪಿ ಕೊಟ್ಟು ಯುಪಿಐನಲ್ಲೋ ಕಾರ್ಡಿನಲ್ಲೋ ಹಣ ಕಟ್ಟಬೇಕು. ಹೊಸ ಟ್ಯಾಗ್ ಬೇಡ, ಇರುವುದೇ ನಡೆಯುತ್ತದೆ. ಎಡವಟ್ಟು ಆಗುವುದು ಮೂರ್ನಾಲ್ಕು ಕಡೆ. ಪಾಸಿನ ಹಣ ಫಾಸ್ಟ್ಯಾಗ್ ಖಾತೆಯಿಂದ ಹೋಗುವುದಿಲ್ಲ, ಬೇರೆ ಕಟ್ಟಬೇಕು. ಟ್ಯಾಗಿಗೆ ಮೂರು ಸಾವಿರ ರೀಚಾರ್ಜ್ ಮಾಡಿ 'ಪಾಸ್ ಆಯಿತು' ಅಂದುಕೊಂಡವರಿದ್ದಾರೆ. ಹಣ ಕಟ್ಟಿದ ಮೇಲೆ ಚಾಲ್ತಿಗೆ ಬರಲು ಎರಡು ಗಂಟೆಯವರೆಗೆ ಹಿಡಿಯಬಹುದು, ಆದ್ದರಿಂದ ಕಾರು ಸ್ಟಾರ್ಟ್ ಮಾಡಿ ಪಾಸ್ ಕೊಳ್ಳಬಾರದು, ಹಿಂದಿನ ರಾತ್ರಿಯೇ ಕೊಳ್ಳಬೇಕು. ಹೊಸ ಗಾಡಿ ಕೊಂಡಾಗ ಚಾಸಿ ನಂಬರಿನ ಮೇಲೆ ಕೊಟ್ಟ ಟ್ಯಾಗಿಗೆ ಪಾಸ್ ಸಿಗದು. ನೋಂದಣಿ ಸಂಖ್ಯೆಯನ್ನು ಮೊದಲು ಟ್ಯಾಗಿಗೆ ಸೇರಿಸಬೇಕು. ಪಾಸ್ ಇರುವುದು ವೈಟ್ ಬೋರ್ಡ್ ಕಾರು, ಜೀಪು, ವ್ಯಾನಿಗೆ ಮಾತ್ರ. ಒಂದು ಕಾರಿನ ಪಾಸನ್ನು ಇನ್ನೊಂದಕ್ಕೆ ಹಾಕಲಾಗುವುದಿಲ್ಲ. ಕಾರು ಮಾರುವ ಯೋಚನೆ ಇದ್ದರೆ ಅದು ಮೊದಲು ಮುಗಿಯಲಿ.

ಇನ್ನೊಂದು ಮುಖ್ಯ ಮಾತು. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿಯ ಗೇಟುಗಳಲ್ಲಿ ಮಾತ್ರ. ವಿಮಾನ ನಿಲ್ದಾಣದ ದಾರಿಯ ಸಾದಹಳ್ಳಿ ಟೋಲ್ ಅದರಲ್ಲಿ ಸೇರುತ್ತದೆ. ಕೆಂಗೇರಿ ಕಡೆಯಿಂದ ಹೊಸೂರು ರಸ್ತೆಗೆ ನೈಸ್ ಎಂಬ ಖಾಸಗಿ ಟೋಲ್ ರಸ್ತೆಯಲ್ಲಿ ಹೋದರೆ ಸೇರುವುದಿಲ್ಲ, ರಾಜ್ಯ ಹೆದ್ದಾರಿಗಳ ಟೋಲಿನಲ್ಲೂ ನಡೆಯುವುದಿಲ್ಲ. ಹಾಗಾಗಿ ಪಾಸ್ ಇದ್ದರೂ ಟ್ಯಾಗ್ ಖಾತೆಯಲ್ಲಿ ನಾಲ್ಕೈದು ನೂರು ಇರಲೇಬೇಕು. ಬೆಂಗಳೂರಿನೊಳಗೆ ಹೋಗುವವರು ಇದನ್ನು ಮರೆತು ಸಿಕ್ಕಿಬೀಳುವುದೇ ಹೆಚ್ಚು.

ದಿನಾ ಓಡಾಡುವವರ ಲೆಕ್ಕ ಬೇರೆ. ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ ಇರುವವರು ತಿಂಗಳಿಗೆ 25 ದಿನ ಹೋಗಿ ಬಂದರೆ 50 ದಾಟು. ವಾರ್ಷಿಕ ಪಾಸಿನ 200 ನಾಲ್ಕೇ ತಿಂಗಳಲ್ಲಿ ಖಾಲಿ. ಮುಗಿದ ಮೇಲೆ ಮತ್ತೆ ಕೊಳ್ಳಬಹುದು. ವರ್ಷಕ್ಕೆ ಮೂರು ಪಾಸ್, ಆರಂಭದ ಬೆಲೆಯಲ್ಲಿ 9,000 ರೂಪಾಯಿ. ಇವರು ಕೇಳಬೇಕಾದದ್ದು ಸ್ಥಳೀಯರ ಮಾಸಿಕ ಪಾಸ್. ಗೇಟಿನಿಂದ 20 ಕಿ.ಮೀ. ಒಳಗೆ ವಾಸಿಸುವವರ ಸ್ವಂತ ಬಳಕೆಯ ವಾಹನಕ್ಕೆ 2007-08ರ ಲೆಕ್ಕದಲ್ಲಿ ತಿಂಗಳಿಗೆ 150 ರೂಪಾಯಿ ಇದ್ದದ್ದು, 2023-24ರಲ್ಲಿ 330, 2025-26ರಲ್ಲಿ 350 ಆಯಿತು. ಆ ಗೇಟನ್ನು ಎಷ್ಟು ಸಲ ಬೇಕಾದರೂ ದಾಟಬಹುದು, ಮುಂದಿನ ಗೇಟಿನ ಆಚೆಗೆ ಮಾತ್ರ ಅನ್ವಯಿಸದು. ವರ್ಷಕ್ಕೆ 4,200. ಮೂರು ವಾರ್ಷಿಕ ಪಾಸಿನ ಹಣದ ಅರ್ಧಕ್ಕಿಂತ ಕಡಿಮೆ.

ಶ್ರೀರಂಗಪಟ್ಟಣ, ಪಾಂಡವಪುರದವರು ಗಣಂಗೂರಿನ 20 ಕಿ.ಮೀ. ಒಳಗೇ ಬರುತ್ತಾರೆ. ಮಂಡ್ಯ ಮತ್ತು ಮೈಸೂರು ನಗರದವರದ್ದು ಯಾವ ಬಡಾವಣೆ ಎಂಬುದರ ಮೇಲೆ ನಿಲ್ಲುತ್ತದೆ. ಆರ್‌ಸಿ, ವಿಳಾಸದ ಆಧಾರ್ ಎರಡರಲ್ಲೂ ಒಂದೇ ವಿಳಾಸ ಇರಬೇಕು. ಕಾರು ಬೆಂಗಳೂರಿನಲ್ಲಿ ಕೊಂಡು ಅಲ್ಲಿನ ವಿಳಾಸದಲ್ಲೇ ಬಿಟ್ಟವರು ಇಲ್ಲಿ ತಡವರಿಸುತ್ತಾರೆ.

ಆದರೆ ಇದೇ ನಿಯಮದ ಬಾಲದಲ್ಲಿ ಒಂದು ಮುಳ್ಳಿದೆ: ಆ ಸ್ಥಳೀಯನಿಗೆ ಸರ್ವಿಸ್ ರಸ್ತೆ ಅಥವಾ ಪರ್ಯಾಯ ರಸ್ತೆ ಲಭ್ಯವಿದ್ದರೆ ಪಾಸ್ ಕೊಡುವಂತಿಲ್ಲ. ನಮ್ಮಲ್ಲಿ ಮುಖ್ಯ ಪಥದ ಎರಡೂ ಬದಿ ಸರ್ವಿಸ್ ರಸ್ತೆ ಇದೆ ಎಂಬುದೇ ಯೋಜನೆಯ ಹೆಗ್ಗಳಿಕೆ. ದಶಪಥ ಎಂದು ಕರೆಯುವಾಗ ಆ ನಾಲ್ಕು ಪಥಗಳನ್ನೂ ಎಣಿಸಿಯೇ ಹತ್ತು ಮಾಡಿದ್ದು. ಬಿಡದಿಯ ಟೋಲ್ 2023ರ ಫೆಬ್ರುವರಿ ಕೊನೆಗೆ ಶುರುವಾಗಬೇಕಿದ್ದದ್ದು ಎರಡು ವಾರ ಮುಂದಕ್ಕೆ ಹೋದದ್ದೂ ಸರ್ವಿಸ್ ರಸ್ತೆ ಪೂರ್ತಿಯಾಗಿಲ್ಲ ಎಂಬ ಕೂಗಿನಿಂದ. ಹಾಗಾಗಿ ಕೌಂಟರಿನಲ್ಲಿ ಪಾಸ್ ಇಲ್ಲ ಎಂದರೆ ಸುಮ್ಮನೆ ಮರಳಬಾರದು. ಯಾವ ಕಾರಣಕ್ಕೆ ಇಲ್ಲ, ನನ್ನ ಊರಿನಿಂದ ಯಾವ ಪರ್ಯಾಯ ರಸ್ತೆ ತಡೆಯಿಲ್ಲದೆ ಇದೆ ಎಂದು ಲಿಖಿತವಾಗಿ ಕೇಳಬೇಕು. ಸರ್ವಿಸ್ ರಸ್ತೆ ನಡುವೆ ತುಂಡಾಗಿರುವ ಜಾಗ ಇದ್ದರೆ ಅದರ ಫೋಟೊ ಅರ್ಜಿಯ ಜೊತೆ ಇರಲಿ. ಬಾಯಿಮಾತಿನ 'ಇಲ್ಲ'ದ ಮೇಲೆ ಮೇಲ್ಮನವಿ ಹಾಕಲು ಆಗುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. '20 ಕಿಲೋಮೀಟರ್ ಒಳಗಿನವರಿಗೆ ಟೋಲ್ ಫ್ರೀ' ಎಂಬ ಸಂದೇಶ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇದೆ. 2024ರ ಸೆಪ್ಟೆಂಬರಿನ ತಿದ್ದುಪಡಿಯಲ್ಲಿ ದಿನಕ್ಕೆ ಮೊದಲ 20 ಕಿ.ಮೀ. ಉಚಿತ ಎಂದು ಬಂದದ್ದು ನಿಜ. ಅದು ಉಪಗ್ರಹ ಆಧಾರಿತ ಟೋಲ್ ಯಂತ್ರ ಅಳವಡಿಸಿಕೊಂಡ ವಾಹನಗಳಿಗೆ. ಆ ವ್ಯವಸ್ಥೆಯ ಪ್ರಾಯೋಗಿಕ ಪರೀಕ್ಷೆಗೆ ಆರಿಸಿದ ರಸ್ತೆಗಳಲ್ಲಿ ನಮ್ಮ ಬೆಂಗಳೂರು–ಮೈಸೂರು ಭಾಗವೂ ಇದ್ದುದರಿಂದ ಗಾಳಿಸುದ್ದಿಗೆ ಇಲ್ಲಿ ಬಲ ಹೆಚ್ಚು. ಫಾಸ್ಟ್ಯಾಗಿನಲ್ಲಿ ಅಂಥ ವಿನಾಯಿತಿ ಇಲ್ಲ. ಗೇಟಿನಲ್ಲಿ ಆಧಾರ್ ತೋರಿಸಿ ಜಗಳ ಕಾಯುವವರು ಹಿಂದಿನವರ ಹಾರನ್ ಕೇಳಿಸಿಕೊಂಡು ದುಡ್ಡು ಕಟ್ಟಿಯೇ ಹೋಗುತ್ತಾರೆ.

ಯೆಲ್ಲೋ ಬೋರ್ಡಿನವರಿಗೆ ವಾರ್ಷಿಕ ಪಾಸ್ ಇಲ್ಲ. ಅವರಿಗೆ ಇರುವುದು ಸಾಮಾನ್ಯ ಮಾಸಿಕ ಪಾಸ್: 50 ಒಂಟಿ ದಾಟಿನ ಹಣದಲ್ಲಿ ಮೂರನೇ ಎರಡರಷ್ಟು. 155ರ ಗೇಟಿಗೆ ಸುಮಾರು 5,170 ರೂಪಾಯಿ. ಇದನ್ನು ಒಂಟಿ ದರದ ಜೊತೆ ಹೋಲಿಸಿದರೆ 34ನೇ ದಾಟಿನಿಂದ ಲಾಭ ಅನಿಸುತ್ತದೆ. ಹೋಲಿಸಬೇಕಾದದ್ದು ಹೋಗಿ ಬರುವ ದರದ ಜೊತೆ, ಯಾಕೆಂದರೆ ಬಾಡಿಗೆ ಕಾರು ಸಾಮಾನ್ಯವಾಗಿ ಅದೇ ದಿನ ಮರಳುತ್ತದೆ. ದಿನಕ್ಕೆ 235ರಂತೆ 20 ದಿನಕ್ಕೆ 4,700. ಪಾಸ್ ಕೊಂಡರೆ ನಷ್ಟ. 22 ದಿನಕ್ಕೆ 5,170, ಸಮ. 25 ದಿನ ಓಡಿದರೆ 5,875. ಪಾಸಿನಿಂದ 700 ಉಳಿತು. 50 ದಾಟಿದ ಮೇಲೆ ಪಾಸ್ ಮುಗಿಯುವುದರಿಂದ ಉಳಿತಾಯದ ಮಿತಿಯೂ ಅಷ್ಟೇ. ಹಬ್ಬ, ಗಾಡಿ ರಿಪೇರಿ ಎಂದು ತಿಂಗಳಲ್ಲಿ ನಾಲ್ಕು ದಿನ ನಿಂತರೆ ಆ ಏಳುನೂರು ಆವಿ. ತಿಂಗಳಿಡೀ ಒಂದೇ ಗೇಟಿನಲ್ಲಿ ಓಡುವ ಗಟ್ಟಿ ಗುತ್ತಿಗೆ ಇಲ್ಲದ ಟ್ಯಾಕ್ಸಿಯವರು ಇದನ್ನು ಕೊಳ್ಳದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಬಾಡಿಗೆ ಮತ್ತು ಸರಕು ವಾಹನದವರಿಗೆ ಇದಕ್ಕಿಂತ ಒಳ್ಳೆಯದು ಜಿಲ್ಲೆಯ ರಿಯಾಯಿತಿ. ಗೇಟು ಯಾವ ಜಿಲ್ಲೆಯಲ್ಲಿದೆಯೋ ಅದೇ ಜಿಲ್ಲೆಯಲ್ಲಿ ನೋಂದಣಿಯಾದ ವಾಣಿಜ್ಯ ವಾಹನಕ್ಕೆ ಅರ್ಧ ದರ. ನ್ಯಾಷನಲ್ ಪರ್ಮಿಟ್ ಗಾಡಿಗಳಿಗೆ ಇಲ್ಲ. ಗಣಂಗೂರು ಮಂಡ್ಯ ಜಿಲ್ಲೆಯಲ್ಲಿರುವುದರಿಂದ ಕೆಎ 11 ಮತ್ತು ನಾಗಮಂಗಲದ ಕೆಎ 54 ಇದಕ್ಕೆ ಬರುತ್ತವೆ. ಮೈಸೂರಿನ ಕೆಎ 09, ಕೆಎ 55 ಗಾಡಿಗಳು ಗೇಟಿಗೆ ಎಷ್ಟೇ ಹತ್ತಿರದಲ್ಲಿ ನಿಲ್ಲಲಿ, ಬರುವುದಿಲ್ಲ. ಇದು ತಾನಾಗಿ ಸಿಗುವುದಿಲ್ಲ, ಗೇಟಿನ ಕಚೇರಿಯಲ್ಲಿ ದಾಖಲೆ ಕೊಟ್ಟು ಟ್ಯಾಗಿಗೆ ಸೇರಿಸಿಕೊಳ್ಳಬೇಕು. ಪರ್ಯಾಯ ರಸ್ತೆಯ ಮುಳ್ಳು ಇಲ್ಲಿಯೂ ಇದೆ.

ಟೋಲ್ ತಪ್ಪಿಸಿ ಹಳೇ ರಸ್ತೆಯಲ್ಲಿ ಹೋಗುವ ವಿದ್ಯೆಯ ಬಗ್ಗೆಯೂ ಒಂದು ಮಾತು. ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ, ಪೆಟ್ರೋಲು ನೂರು ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ ಆರೇಳು ರೂಪಾಯಿ. 155 ರೂಪಾಯಿಯ ಗೇಟು ತಪ್ಪಿಸಲು 23 ಕಿ.ಮೀ.ಗಿಂತ ಹೆಚ್ಚು ಬಳಸಿದರೆ ಉಳಿದದ್ದೇನೂ ಇಲ್ಲ, ಸಮಯ ಬೇರೆ. ವಾರ್ಷಿಕ ಪಾಸ್ ಇದ್ದವರು 15 ರೂಪಾಯಿಗಾಗಿ ಮೂರು ಕಿಲೋಮೀಟರ್ ಬಳಸಿದರೂ ನಷ್ಟ. ಆದರೂ ಪಾಸ್ ಇಟ್ಟುಕೊಂಡೇ ಅಭ್ಯಾಸಬಲದಿಂದ ಗೇಟಿನ ಮೊದಲು ಸರ್ವಿಸ್ ರಸ್ತೆಗೆ ಇಳಿಯುವವರಿದ್ದಾರೆ. ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೋ ಮದ್ದೂರಿಗೋ ಹೋಗುವವರಿಗೆ ಹಳೇ ರಸ್ತೆ ಸಹಜ, ಅದೇ ಅವರ ದಾರಿ. ಬೈಕ್, ಆಟೊ, ಟ್ರ್ಯಾಕ್ಟರಿನವರಿಗೆ ಆಯ್ಕೆಯೇ ಇಲ್ಲ: 2023ರ ಆಗಸ್ಟ್ 1ರಿಂದ ಮುಖ್ಯ ಪಥ ಅವರಿಗೆ ನಿಷಿದ್ಧ. ಟೋಲ್ ಇಲ್ಲದ ವಾಹನಗಳೆಲ್ಲ ಸೇರುವುದು ಸರ್ವಿಸ್ ರಸ್ತೆಗೆ. ಕಬ್ಬಿನ ಕಾಲದಲ್ಲಿ ಆ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಉಳಿತಾಯ ಎಂದರೇನು ಎಂದು ಗೊತ್ತಿರುತ್ತದೆ.

ಇನ್ನು ಗೇಟಿನಲ್ಲೇ ಹೋಗುವ ದುಡ್ಡು. ಚಾಲ್ತಿಯಲ್ಲಿರುವ ಫಾಸ್ಟ್ಯಾಗ್ ಇಲ್ಲದೆ ಬಂದರೆ, 2025ರ ನವೆಂಬರ್ 15ರಿಂದ ಬಂದ ನಿಯಮದಲ್ಲಿ ನಗದಾದರೆ ಎರಡು ಪಟ್ಟು, ಯುಪಿಐ ಆದರೆ ಒಂದೂಕಾಲು ಪಟ್ಟು ಎಂದಿತ್ತು. 155ರ ಗೇಟಿನಲ್ಲಿ 310 ಅಥವಾ 195. ಟ್ಯಾಗ್ ಕೈಕೊಟ್ಟರೆ ಪರ್ಸಿಗೆ ಕೈ ಹಾಕಬೇಡಿ, ಫೋನ್ ತೆಗೆಯಿರಿ.

ಟ್ಯಾಗ್ ಕೈಕೊಡುವುದಕ್ಕೆ ಕಾರಣ ಬಹುತೇಕ ಬ್ಯಾಲೆನ್ಸ್ ಅಲ್ಲ. ಗಾಜಿನ ಒಳಬದಿಯಲ್ಲಿ, ಹಿಂಬದಿ ನೋಡುವ ಕನ್ನಡಿಯ ಹಿಂದೆ ಅಂಟಿಸಬೇಕಾದ ಟ್ಯಾಗನ್ನು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿಟ್ಟು, ಗೇಟು ಬಂದಾಗ ಕೈಯಲ್ಲಿ ಹಿಡಿದು ತೋರಿಸುವ ಚಾಳಿ ನಮ್ಮಲ್ಲಿ ಬಹಳ. ಹಾಗೆ ಕೈಯಲ್ಲಿ ಹಿಡಿದ ಟ್ಯಾಗುಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡಲು ಗೇಟಿನವರಿಗೆ 2025ರಿಂದ ಸೂಚನೆ ಇದೆ. ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ. ಮೇಲಿನ ರೀಡರ್ ಬಿಡುವ ರೇಡಿಯೊ ಅಲೆಯಿಂದಲೇ ಅದಕ್ಕೆ ಜೀವ ಬರುವುದು. ಲೋಹದ ಅಂಶವಿರುವ ಸನ್‌ಫಿಲ್ಮ್ ಅಡ್ಡ ಇದ್ದರೆ ಆ ಅಲೆ ಒಳಗೆ ಬರುವುದಿಲ್ಲ. ಗಾಜು ಒಡೆದು ಹೊಸದು ಹಾಕಿಸಿದಾಗ ಹಳೇ ಟ್ಯಾಗನ್ನು ಬ್ಲೇಡಿನಿಂದ ಕಿತ್ತು ಮತ್ತೆ ಅಂಟಿಸುವುದು ವ್ಯರ್ಥ. ಕೀಳುವಾಗಲೇ ಒಳಗಿನ ತೆಳು ಆಂಟೆನಾ ಹರಿದಿರುತ್ತದೆ. ಬ್ಯಾಂಕಿನಲ್ಲಿ ಬದಲಿ ಟ್ಯಾಗ್ ಕೇಳಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹಿಂದಿನ ಮಾಲೀಕರ ಟ್ಯಾಗ್ ಮುಚ್ಚಿಸಿದ ಮೇಲೆಯೇ ತಮ್ಮದನ್ನು ಮಾಡಿಸಬೇಕು, ಒಂದು ಗಾಡಿಗೆ ಎರಡು ಟ್ಯಾಗ್ ಇರುವಂತಿಲ್ಲ. ಆ್ಯಪಿನಲ್ಲಿ ಟ್ಯಾಗಿನ ವರ್ಗವನ್ನೂ ಒಮ್ಮೆ ನೋಡಿ: ಕಾರಿಗೆ 4 ಎಂದಿರಬೇಕು. ಬೇರೆ ಸಂಖ್ಯೆ ಇದ್ದರೆ ಪ್ರತಿ ಗೇಟಿನಲ್ಲೂ ತಕರಾರು.

ಟ್ಯಾಗ್ ಸರಿ ಇದ್ದು, ಹಣವೂ ಇದ್ದು, ಗೇಟಿನ ಯಂತ್ರವೇ ಓದದಿದ್ದರೆ? 2018ರ ಮೇ ತಿಂಗಳ ಅಧಿಸೂಚನೆಯಂತೆ ಆ ವಾಹನವನ್ನು ಹಣ ಕೇಳದೆ ಬಿಡಬೇಕು, ಸೊನ್ನೆ ರೂಪಾಯಿಯ ರಸೀದಿ ಕೊಡಬೇಕು. 'ಸರ್, ನಿಮ್ಮ ಟ್ಯಾಗ್ ಓದ್ತಿಲ್ಲ, ಕ್ಯಾಶ್ ಕೊಡಿ' ಎಂದಾಗ ಆ್ಯಪ್ ತೆರೆದು ಟ್ಯಾಗ್ ಚಾಲ್ತಿಯಲ್ಲಿದೆ, ಬ್ಯಾಲೆನ್ಸ್ ಇದೆ ಎಂದು ತೋರಿಸಿ ಈ ರಸೀದಿ ಕೇಳಿ. ಒಪ್ಪದಿದ್ದರೆ ಅಲ್ಲೇ ನಿಂತು 1033ಕ್ಕೆ ಕರೆ ಮಾಡಬಹುದು. ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಪಾಸ್ ಇದ್ದರೂ ಹಣ ಕಡಿತವಾದರೆ, 24 ಗಂಟೆಯೊಳಗೆ ಮರಳಿದರೂ ಪೂರ್ತಿ ಹಿಡಿದರೆ, ಕಾರು ಮನೆಯಲ್ಲಿದ್ದಾಗ ಟೋಲ್ ಕಡಿತದ ಮೆಸೇಜ್ ಬಂದರೆ ಎಲ್ಲಕ್ಕೂ ಅದೇ ನಂಬರ್. ಜೊತೆಗೆ ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲೂ ದೂರು ದಾಖಲಿಸಬೇಕು, ಏಕೆಂದರೆ ಹಣ ಮರಳಿಸುವ ದಾರಿ ಬ್ಯಾಂಕಿನ ಮೂಲಕವೇ. ಮೆಸೇಜನ್ನು ಅಳಿಸಬೇಡಿ. ಅದರಲ್ಲಿರುವ ಗೇಟಿನ ಹೆಸರು ಮತ್ತು ಸಮಯವೇ ಸಾಕ್ಷಿ.

ಬಸ್ಸಿನಲ್ಲಿ ಹೋಗುವವರು ಇದು ಕಾರಿನವರ ಗೋಳು ಎಂದುಕೊಳ್ಳಬೇಕಿಲ್ಲ. ಬಿಡದಿ ಟೋಲ್ ಶುರುವಾದ ದಿನವೇ ಹೆದ್ದಾರಿಯಲ್ಲಿ ಹೋಗುವ ಸರ್ಕಾರಿ ಬಸ್ಸುಗಳ ಟಿಕೆಟಿಗೆ ಬಳಕೆದಾರರ ಶುಲ್ಕ ಎಂದು ಸೇರಿತ್ತು. ಊರೂರು ಹೊಕ್ಕು ಹೋಗುವ ಬಸ್ಸಿಗೆ ಅದಿರಲಿಲ್ಲ. ಕೌಂಟರಿನಲ್ಲಿ 'ನಾನ್‌ಸ್ಟಾಪಾ, ಊರ ಮೇಲೆ ಹೋಗುತ್ತಾ' ಎಂದು ಕೇಳಿ ಹತ್ತುವವರು ಮಂಡ್ಯದ ನಿಲ್ದಾಣದಲ್ಲಿ ಕಡಿಮೆಯಿಲ್ಲ.

ಕೊನೆಗೆ ತಮ್ಮಲ್ಲಿ ಮತ್ತು ಹೆದ್ದಾರಿ ಪ್ರಾಧಿಕಾರದಲ್ಲಿ ಒಂದೊಂದು ಕೋರಿಕೆ. ದರದ ಬೋರ್ಡಿನಲ್ಲಿ ವಿನಾಯಿತಿ ಪಡೆದ ಗಣ್ಯರ ಪಟ್ಟಿಗೆ ಕೊಡುವಷ್ಟು ಜಾಗವನ್ನು ಸ್ಥಳೀಯರ ಮಾಸಿಕ ಪಾಸಿಗೂ ಜಿಲ್ಲೆಯ ವಾಹನಗಳ ಅರ್ಧ ದರಕ್ಕೂ ಕೊಡಬೇಕು. ಅದು ಕನ್ನಡದಲ್ಲಿ, ಅರವತ್ತರ ವೇಗದಲ್ಲೂ ಓದುವಷ್ಟು ದೊಡ್ಡ ಅಕ್ಷರದಲ್ಲಿ, ಗೇಟಿನಿಂದ ಅರ್ಧ ಕಿಲೋಮೀಟರ್ ಮೊದಲೇ ಇರಬೇಕು. ಯಾವ ಯಾವ ಗ್ರಾಮ, ವಾರ್ಡು 20 ಕಿ.ಮೀ. ಒಳಗೆ ಬರುತ್ತವೆ ಎಂಬ ಪಟ್ಟಿಯನ್ನು ಗಣಂಗೂರಿನ ಕಚೇರಿಯ ಗೋಡೆಯ ಮೇಲೆ ಅಂಟಿಸಿದರೆ ಅಲ್ಲಿನ ಅರ್ಧ ಜಗಳ ನಿಲ್ಲುತ್ತದೆ. ತಮ್ಮ ಪತ್ರಿಕೆ ಬರುವ ಏಪ್ರಿಲ್ 1ರಂದು 'ಟೋಲ್ ಏರಿಕೆ' ಎಂಬ ತಲೆಬರಹದ ಕೆಳಗೆ ಒಂಟಿ ದರ ಒಂದನ್ನೇ ಹಾಕದೆ, ಎರಡೂ ಗೇಟುಗಳ ಹೋಗಿ ಬರುವ ದರ, ಮಾಸಿಕ, ಸ್ಥಳೀಯ, ವಾರ್ಷಿಕ ಪಾಸಿನ ದರಗಳನ್ನು ಒಂದು ಸಣ್ಣ ಕೋಷ್ಟಕದಲ್ಲಿ ಕೊಡಲಿ. ಕತ್ತರಿಸಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದಾಗಿದ್ದರೆ ಇನ್ನೂ ಒಳ್ಳೆಯದು.

ಇಂತಿ,
ತಮ್ಮ ಓದುಗ,
ಮಂಡ್ಯ